ಮೈಮೇಲಿನ ತರಿ ಕೊಳೆಯಲ್ಲ

ಬಲ ತೋಳಿನ ಹಿಂಬದಿಯನ್ನು, ಮೊಣಕೈಗಿಂತ ನಾಲ್ಕು ಬೆರಳು ಮೇಲಕ್ಕೆ, ಎಡಗೈಯಿಂದ ಒಮ್ಮೆ ಸವರಿ ನೋಡಿ. ಇಲ್ಲಿ ಕುಳಿತಿರುವ ಹಲವರ ಬೆರಳಿಗೆ ಏನೂ ಸಿಗಲಾರದು. ಕೆಲವರ ಬೆರಳಿಗೆ ಮಾತ್ರ ಒದ್ದೆ ಬಟ್ಟೆಯ ಮೇಲೆ ರವೆ ಚೆಲ್ಲಿದ ಹಾಗೆ ತರಿತರಿಯಾದದ್ದೇನೋ ತಗಲೀತು. ಅವರು ಅದನ್ನು ಈ ಹೊತ್ತು ಕಂಡುಕೊಂಡವರಲ್ಲ, ಶಾಲೆಯ ದಿನಗಳಿಂದಲೇ ಬಲ್ಲರು. ಸುಡುಬೇಸಗೆಯಲ್ಲೂ ಮೊಣಕೈ ಮುಚ್ಚುವ ರವಿಕೆ ಹೊಲಿಸುವ ಹೆಣ್ಣುಮಕ್ಕಳು, ಅರ್ಧ ತೋಳಿನ ಅಂಗಿ ಹಾಕಲು ಹಿಂಜರಿಯುವ ಹುಡುಗರು ಅವರಲ್ಲಿದ್ದಾರೆ. ಬಚ್ಚಲುಮನೆಯಲ್ಲಿ ಅಮ್ಮನೋ ಅಜ್ಜಿಯೋ ಹೀರೆಕಾಯಿಯ ಒಣ ನಾರು ಹಿಡಿದು ತೋಳು ಕೆಂಪಾಗುವವರೆಗೆ ತಿಕ್ಕಿದ ನೆನಪೂ ಅವರಿಗಿರುತ್ತದೆ, ‘ಎಷ್ಟು ಉಜ್ಜಿದರೂ ಈ ಕೊಳೆ ಹೋಗ್ತಾ ಇಲ್ಲವಲ್ಲೇ’ ಎಂಬ ಮಾತಿನ ಸಮೇತ.

ಹೋಗದಿರಲು ಕಾರಣ ಸರಳವಾಗಿದೆ: ಅದು ಕೊಳೆಯಲ್ಲ. ಈ ತರಿ ಏನು, ವೈದ್ಯರು ಅದನ್ನು ಯಾವ ಯಾವ ಕಾಲದಲ್ಲಿ ಏನೆಂದು ತಿಳಿದರು, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ವಿಷಯ. ಇದರೊಳಗೆ ಇನ್ನೊಂದು ಸಂಗತಿಯೂ ಅಡಗಿದೆ. ನೋಡಲು ಹೆಚ್ಚುಕಡಿಮೆ ಒಂದೇ ತೆರನಾದ ಎರಡು ತರಿಗಳಿವೆ. ಒಂದು ಮನೆತನದಿಂದ ಬಂದದ್ದು, ನಿರುಪದ್ರವಿ. ಇನ್ನೊಂದು ಊಟದ ತಟ್ಟೆಯಿಂದ ಬಂದದ್ದು. ಎರಡನ್ನೂ ಒಂದೇ ನಾರಿನಿಂದ ತಿಕ್ಕಿದ್ದು ಬಹುಕಾಲದ ತಪ್ಪು.

ಚರ್ಮ ತರಿಯಾಗುವುದನ್ನು ಹೊಗಳಿದ ಪರಂಪರೆಯೂ ನಮ್ಮಲ್ಲಿದೆ ಎಂದರೆ ಆಶ್ಚರ್ಯವಾದೀತು. ಭರತನ ನಾಟ್ಯಶಾಸ್ತ್ರ ಎಣಿಸುವ ಎಂಟು ಸಾತ್ವಿಕ ಭಾವಗಳಲ್ಲಿ ರೋಮಾಂಚವೂ ಒಂದು. ಹಳಗನ್ನಡದ ಕವಿಗಳಿಗಂತೂ ‘ಪುಳಕ’ ಅಚ್ಚುಮೆಚ್ಚಿನ ಶಬ್ದ. ಚಳಿಗೋ ಭಯಕ್ಕೋ ಹರ್ಷಕ್ಕೋ ಕೂದಲ ಬುಡದ ಸಣ್ಣ ಸ್ನಾಯು ಸೆಳೆದುಕೊಂಡಾಗ ಕೂದಲು ನೆಟ್ಟಗಾಗುತ್ತದೆ, ಅದರ ಸುತ್ತಿನ ಚರ್ಮ ಉಬ್ಬುತ್ತದೆ, ಕ್ಷಣದಲ್ಲಿ ಇಳಿಯುತ್ತದೆ. ತೋಳಿನ ತರಿ ಏಳುವುದೂ ಇದೇ ಜಾಗದಲ್ಲಿ, ಅಂದರೆ ರೋಮಕೂಪದ ಬಾಯಲ್ಲಿ. ಆದರೆ ಅಲ್ಲಿ ಸ್ನಾಯುವಿನ ಪಾತ್ರವಿಲ್ಲ, ಆದ್ದರಿಂದ ಅದು ಇಳಿಯುವುದೂ ಇಲ್ಲ. ಕ್ಷಣಿಕವಾದ ಪುಳಕಕ್ಕೆ ಕಾವ್ಯದಲ್ಲಿ ಜಾಗ ಸಿಕ್ಕಿತು, ಶಾಶ್ವತವಾದ ಪುಳಕಕ್ಕೆ ಹೀರೆನಾರು ಸಿಕ್ಕಿತು!

ಚರ್ಮದ ಮೇಲ್ಪದರ ಸುಮ್ಮನಿರುವ ಹೊದಿಕೆಯಲ್ಲ. ಅದರ ಬುಡದಲ್ಲಿ ಹೊಸ ಕೋಶಗಳು ಹುಟ್ಟುತ್ತ, ಮೇಲೇರುತ್ತ, ಒಣಗಿ ಚಪ್ಪಟೆಯಾಗುತ್ತ, ಸುಮಾರು ನಾಲ್ಕು ವಾರಗಳಲ್ಲಿ ಕಣ್ಣಿಗೆ ಕಾಣದ ಹೊಟ್ಟಿನಂತೆ ಉದುರಿಹೋಗುತ್ತವೆ. ಈ ಒಣಕೋಶಗಳಲ್ಲಿ ತುಂಬಿರುವುದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು. ಉಗುರು, ಕೂದಲು, ಹಸುವಿನ ಕೊಂಬು ಎಲ್ಲವೂ ಇದರದ್ದೇ. ಕೆಲವರ ಚರ್ಮದಲ್ಲಿ ರೋಮಕೂಪದ ಬಾಯೊಳಗಿನ ಒಣಕೋಶಗಳು ಉದುರುವ ಬದಲು ಒಂದಕ್ಕೊಂದು ಅಂಟಿ, ಸೀಸೆಯ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತವೆ. ಒಂದೊಂದು ಬಿರಡೆಯೂ ಒಂದೊಂದು ತರಿ. ಕೆಲವೊಮ್ಮೆ ಹೊರಬರಲಾಗದ ಕೂದಲು ಒಳಗೇ ಸುರುಳಿ ಸುತ್ತಿಕೊಂಡಿರುತ್ತದೆ, ಸುತ್ತಲೂ ಸ್ವಲ್ಪ ಕೆಂಪಾಗುತ್ತದೆ. ಅಂಗೈ ಅಂಗಾಲುಗಳಲ್ಲಿ ರೋಮಕೂಪಗಳೇ ಇಲ್ಲವಾದ್ದರಿಂದ ಅಲ್ಲಿ ಈ ತರಿ ಎಂದೂ ಬಾರದು.

ವೈದ್ಯರು ಇದಕ್ಕೆ ಕೆರಟೋಸಿಸ್ ಪಿಲಾರಿಸ್ ಎನ್ನುತ್ತಾರೆ. ಹೆಸರಿಗೆ ಹೆದರಬೇಕಾಗಿಲ್ಲ. ಅದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಒಳಗಿನ ಯಾವ ದೊಡ್ಡ ಕಾಯಿಲೆಯ ಗುರುತೂ ಅಲ್ಲ. ತೋಳಿನ ಹೊರಬದಿ, ತೊಡೆ, ಪೃಷ್ಠ ಇದರ ಮಾಮೂಲು ಜಾಗ, ಚಿಕ್ಕ ಮಕ್ಕಳಿಗೆ ಕೆನ್ನೆಯಲ್ಲೂ ಕಾಣುವುದುಂಟು. ಬಾಲ್ಯದಲ್ಲಿ ಶುರುವಾಗಿ ಹದಿಹರೆಯದಲ್ಲಿ ಹೆಚ್ಚಿ, ವಯಸ್ಸು ಮೂವತ್ತು ದಾಟುವ ಹೊತ್ತಿಗೆ ಹಲವರಲ್ಲಿ ತಾನಾಗಿ ತಗ್ಗುತ್ತದೆ. ಮಾಗಿಯ ಚಳಿಗೆ ಹೆಚ್ಚು, ಮಳೆಗಾಲದ ತೇವಕ್ಕೆ ಕಡಿಮೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. ಅಂದರೆ ಮಗಳ ತೋಳು ತಿಕ್ಕುತ್ತಿರುವ ತಾಯಿಯ ತೋಳಿನಲ್ಲೇ ಅದರ ಮೂಲ ಇರಬಹುದು! ಚರ್ಮಕ್ಕೆ ತೇವ ಹಿಡಿದಿಡುವ ಶಕ್ತಿ ಕೊಡುವ ಫಿಲಾಗ್ರಿನ್ ಎಂಬ ಪ್ರೋಟೀನು ಇದೆ. ಮೀನಿನ ಹುರುಪೆಯಂತೆ ಚರ್ಮ ಒಣಗುವ ಒಂದು ವಂಶಪಾರಂಪರ್ಯ ತೊಂದರೆಗೆ ಈ ಪ್ರೋಟೀನಿನ ಜೀನಿನಲ್ಲಿರುವ ದೋಷವೇ ಕಾರಣವೆಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಆ ತೊಂದರೆ ಇದ್ದವರ ತೋಳಿನಲ್ಲಿ ಇಂಥ ತರಿಯೂ ಸಾಮಾನ್ಯವಾಗಿ ಕಾಣಿಸುತ್ತದೆ. ಹೀಗಿರುವಾಗ ಇದನ್ನು ಸ್ನಾನದ ಸೋಮಾರಿತನಕ್ಕೆ ಗಂಟು ಹಾಕುವುದು ಅನ್ಯಾಯ.

ಉಜ್ಜುವುದರಿಂದ ಕೊನೆಗೆ ಏನಾಗುತ್ತದೆ? ಗುದ್ದಲಿ ಹಿಡಿಯುವವರ ಅಂಗೈ ನೋಡಿದರೆ ಉತ್ತರ ಸಿಗುತ್ತದೆ. ಸತತ ಉಜ್ಜಾಟಕ್ಕೆ ಚರ್ಮ ಕೊಡುವ ಪ್ರತಿಕ್ರಿಯೆ ಒಂದೇ: ದಪ್ಪವಾಗುವುದು, ಜಡ್ಡುಗಟ್ಟುವುದು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇನ್ನೊಂದೂ ಆಗುತ್ತದೆ. ಕೆರಳಿದ ಜಾಗ ವಾಸಿಯಾದ ಮೇಲೆ ಕಪ್ಪು ಕಲೆ ಉಳಿಸುತ್ತದೆ. ವರ್ಷಗಟ್ಟಲೆ ನಾರು, ನೈಲಾನ್ ಬ್ರಷ್, ಒರಟು ಟವಲುಗಳಿಂದ ಮೈ ತಿಕ್ಕಿದವರ ಬೆನ್ನು, ಹೆಗಲೆಲುಬು, ತೋಳುಗಳು ಕಪ್ಪಾಗುವುದನ್ನು ಭಾರತದ ಚರ್ಮವೈದ್ಯರು ವಿವರವಾಗಿ ದಾಖಲಿಸಿದ್ದಾರೆ. ಜಪಾನಿನಲ್ಲೂ ನೈಲಾನ್ ಟವಲಿನಿಂದ ಆಗುವ ಇಂಥದೇ ಕಪ್ಪನ್ನು ಅಲ್ಲಿನ ವೈದ್ಯರು ಗುರುತಿಸಿದ್ದರು. ಕಪ್ಪಾಗಿದೆ ಎಂದು ಉಜ್ಜುವುದು, ಉಜ್ಜಿದ್ದರಿಂದ ಮತ್ತಷ್ಟು ಕಪ್ಪಾಗುವುದು, ಆಗ ಇನ್ನೂ ಬಿರುಸಾಗಿ ಉಜ್ಜುವುದು - ಇದು ಅನೇಕ ಮನೆಗಳ ಕಥೆ. ಹೆಣ್ಣು ನೋಡುವ ಶಾಸ್ತ್ರ ಹತ್ತಿರ ಬಂದಾಗಲಂತೂ ಕೇಳುವುದೇ ಬೇಡ.

ಇನ್ನು ಎರಡನೆಯ ತರಿಯ ಕಥೆ. ಇದು ದೊಡ್ಡ ಕಥೆ, ಅದರ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ಮೈಸೂರು ಸೀಮೆಯ ಪಕ್ಕದ ನೀಲಗಿರಿಯಲ್ಲಿ.

1931ರಲ್ಲಿ ಚೀನದ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜಿನ ಫ್ರೇಜಿಯರ್ ಮತ್ತು ಹೂ ಎಂಬ ಇಬ್ಬರು ವೈದ್ಯರು ಸೈನಿಕರ ಮೈಮೇಲೆ ಕಂಡ ಒಣ, ಮುಳ್ಳುಮುಳ್ಳಾದ ಗಂಟುಗಳ ಬಗ್ಗೆ ಬರೆದರು. ಸೈನಿಕರ ಊಟ ಕಳಪೆಯಾಗಿತ್ತು, ಕೆಲವರ ಕಣ್ಣೂ ಒಣಗಿತ್ತು. ಕಣ್ಣು ಒಣಗುವುದು ಎ ಅನ್ನಾಂಗದ ಕೊರತೆಯಿಂದ ಎಂಬುದು ಆಗಲೇ ಗೊತ್ತಿದ್ದ ಸಂಗತಿ. (ವಿಟಮಿನ್ನಿಗೆ ಕನ್ನಡದಲ್ಲಿ ಅನ್ನಾಂಗ, ಜೀವಸತ್ವ ಎಂಬ ಎರಡು ಹೆಸರುಗಳು ಬಳಕೆಗೆ ಬಂದವು. ಅನ್ನದ ಅಂಗ ಎಂಬ ಮೊದಲಿನ ಹೆಸರು ಈ ಕಥೆಗೆ ಚೆನ್ನಾಗಿ ಒಪ್ಪುತ್ತದೆ.) ಹಾಗಾದರೆ ಚರ್ಮದ ಗಂಟಿಗೂ ಅದೇ ಕಾರಣವಿರಬೇಕು ಎಂದು ಅವರು ಊಹಿಸಿದರು. 1933ರಲ್ಲಿ ಉಗಾಂಡದ ಕೈದಿಗಳಲ್ಲಿ ಲೋವೆಂತಾಲ್ ಎಂಬ ವೈದ್ಯರು ಇಂಥದೇ ಚರ್ಮವನ್ನು ಕಂಡರು. ಅದೇ ವರ್ಷ ಲೂಷಿಯಸ್ ನಿಕೋಲ್ಸ್ ಪೂರ್ವ ಆಫ್ರಿಕದ ಕೂಲಿಗಳ ಮೈಮೇಲಿನ ತರಿಯನ್ನು ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ವಿವರಿಸಿ ಅದಕ್ಕೊಂದು ಹೆಸರು ಕೊಟ್ಟರು: ಫ್ರಿನೋಡರ್ಮ. ಗ್ರೀಕ್ ಭಾಷೆಯಲ್ಲಿ ಫ್ರಿನೋಸ್ ಎಂದರೆ ನೆಲಗಪ್ಪೆ, ಡರ್ಮ ಎಂದರೆ ಚರ್ಮ. ನೆಲಗಪ್ಪೆಯ ಬೆನ್ನು ಮುಟ್ಟಿದವರಿಗೆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ನಿಕೋಲ್ಸ್ ಸಿಂಹಳದಲ್ಲೂ, ಅಂದರೆ ಇಂದಿನ ಶ್ರೀಲಂಕಾದಲ್ಲೂ, ಈ ಕಪ್ಪೆಚರ್ಮ ಎಷ್ಟು ಜನರಲ್ಲಿದೆ ಎಂಬ ಲೆಕ್ಕ ಪ್ರಕಟಿಸಿದರು.

ಸೈನಿಕರು, ಕೈದಿಗಳು, ಕೂಲಿಗಳು. ಮೂವರಿಗೂ ಸಮಾನವಾದದ್ದು ಬೇರೆಯವರು ಅಳೆದು ಹಾಕಿದ ಊಟ.

ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಆಹಾರ ಸಂಶೋಧನೆಗೆ ಒಂದು ಸಣ್ಣ ನೆಲೆ ಹಾಕಿದ್ದರು. ಮುಂದೆ ಅದೇ ಪೋಷಣಾ ಸಂಶೋಧನಾಲಯವಾಗಿ ಬೆಳೆಯಿತು. ಮೆಕ್ಯಾರಿಸನ್ನರ ನಂತರ, 1935ರಲ್ಲಿ, ಅದರ ನಿರ್ದೇಶಕರಾಗಿ ಬಂದ ವಾಲೇಸ್ ಐಕ್ರಾಯ್ಡ್ ಪ್ರಯೋಗಶಾಲೆಯ ಇಲಿಗಳನ್ನು ಬಿಟ್ಟು ಶಾಲೆಗಳತ್ತ ನಡೆದರು. ಐಕ್ರಾಯ್ಡ್ ಮತ್ತು ರಾಜಗೋಪಾಲ್ 1936ರಲ್ಲಿ ದಕ್ಷಿಣ ಭಾರತದ ಶಾಲಾಮಕ್ಕಳ ಪೋಷಣೆಯ ಬಗ್ಗೆ ಪ್ರಕಟಿಸಿದ ವರದಿ ಆ ಕಾಲಕ್ಕೆ ಹೊಸ ಬಗೆಯದು. ಮಗುವಿನ ತೂಕ, ಎತ್ತರಗಳ ಜತೆಗೆ ಕಣ್ಣಿನ ಬಿಳಿಭಾಗದ ಮಚ್ಚೆ, ಬಾಯಿಯ ಮೂಲೆಯ ಹುಣ್ಣು, ಮೊಣಕೈ ಮಂಡಿಗಳ ಮೇಲಿನ ಕಪ್ಪೆಚರ್ಮ - ಈ ಚಿಹ್ನೆಗಳನ್ನೂ ಅವರು ಎಣಿಸಿದರು. ಊಟದ ಕೊರತೆಯನ್ನು ತಿಳಿಯಲು ರಕ್ತ ತೆಗೆಯಬೇಕಾಗಿಲ್ಲ, ಮಗುವಿನ ತೋಳು ಮಡಿಸಿ ನೋಡಿದರೂ ಒಂದು ಸುಳಿವು ಸಿಗುತ್ತದೆ ಎಂದಂತಾಯಿತು. ಬಡದೇಶಕ್ಕೆ ಇದು ಸಣ್ಣ ಅನುಕೂಲವಲ್ಲ.

ಆದರೆ ಎ ಅನ್ನಾಂಗ ಒಂದೇ ಕಾರಣ ಎಂಬ ತೀರ್ಮಾನ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಒಂದು ಪ್ರಯೋಗ ನಡೆಯಿತು. ಮನಸ್ಸಾಕ್ಷಿಯ ಕಾರಣ ಕೊಟ್ಟು ಬಂದೂಕು ಹಿಡಿಯಲು ಒಪ್ಪದಿದ್ದವರು ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಪ್ಪಿಸಿದರು. ಅವರಲ್ಲಿ ಹಲವರಿಗೆ ತಿಂಗಳುಗಟ್ಟಲೆ ಎ ಅನ್ನಾಂಗವಿಲ್ಲದ ಊಟ ಬಡಿಸಲಾಯಿತು. ಕೆಲವರಿಗೆ ಮಬ್ಬುಬೆಳಕಿನಲ್ಲಿ ಕಣ್ಣು ಕಾಣದಾಯಿತು. ಚರ್ಮದ ತರಿ ಮಾತ್ರ ಅನ್ನಾಂಗ ಸಿಗದವರಲ್ಲೂ ಸಿಕ್ಕವರಲ್ಲೂ ಭೇದವಿಲ್ಲದೆ ಕಂಡಿತು. ಈ ವರದಿ 1949ರಲ್ಲಿ ಹೊರಬಂತು. ಅದಕ್ಕೂ ಎರಡು ವರ್ಷ ಮೊದಲೇ ಸಿ. ಗೋಪಾಲನ್ ಕಪ್ಪೆಚರ್ಮದ ಮೂಲದ ಪ್ರಶ್ನೆಯನ್ನು ಅದೇ ಮೆಡಿಕಲ್ ಗೆಜೆಟ್‌ನಲ್ಲಿ ಮತ್ತೆ ಎತ್ತಿದ್ದರು.

ಉತ್ತರ ಇಣುಕಿದ್ದು ಎಣ್ಣೆಯ ಡಬ್ಬಿಯಿಂದ. ಅಮೆರಿಕದ ಮಿನೆಸೋಟದಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳಿಗೆ ಕೊಬ್ಬಿನಂಶ ಒಂದಿಷ್ಟೂ ಇಲ್ಲದ ಆಹಾರ ಕೊಟ್ಟು ಸಾಕಿದ್ದರು. ಇಲಿಗಳ ಬಾಲ ಹುರುಪೆಗಟ್ಟಿತು, ಬೆಳವಣಿಗೆ ನಿಂತಿತು. ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲವನ್ನು ಕೊಟ್ಟಾಗ ಚೇತರಿಸಿಕೊಂಡವು. ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಊಟದಿಂದಲೇ ಪಡೆಯಬೇಕಾದ ಕೊಬ್ಬಿನಾಮ್ಲಗಳಿವೆ ಎಂಬುದು ಹೀಗೆ ತಿಳಿಯಿತು. ಚರ್ಮದ ಮೇಲ್ಪದರದ ಕೋಶಗಳ ನಡುವೆ, ಇಟ್ಟಿಗೆಗಳ ನಡುವಿನ ಗಾರೆಯಂತೆ, ಕೊಬ್ಬಿನ ಒಂದು ತೆಳುಪದರವಿದೆ. ಲಿನೋಲಿಕ್ ಆಮ್ಲವಿಲ್ಲದೆ ಆ ಗಾರೆ ನಿಲ್ಲುವುದಿಲ್ಲ. 1953ರಲ್ಲಿ ಕೂನೂರಿನ ನಂಟಿದ್ದ ವಿ. ರಾಮಲಿಂಗಸ್ವಾಮಿಯವರು ಆಕ್ಸ್‌ಫರ್ಡಿನ ಸಿಂಕ್ಲೇರ್ ಜತೆಗೂಡಿ, ಇಲಿಗಳ ರೋಮಕೂಪಗಳ ಮೇಲೆ ಎ ಅನ್ನಾಂಗದ ಕೊರತೆ ಮತ್ತು ಕೊಬ್ಬಿನಾಮ್ಲದ ಕೊರತೆ ಏನು ಮಾಡುತ್ತವೆ ಎಂದು ಹೋಲಿಸಿ ಬರೆದರು. 1961ರಲ್ಲಿ ಶ್ರೀಕಂಠಯ್ಯ ಮತ್ತು ಬೆಳವಾಡಿ ಎಂಬ ಇಬ್ಬರು, ಕಪ್ಪೆಚರ್ಮದ ರೋಗಿಗಳನ್ನೇ ಪರೀಕ್ಷಿಸಿ ತಮ್ಮ ಅವಲೋಕನ ಪ್ರಕಟಿಸಿದರು. ಆ ವೇಳೆಗೆ ಕೂನೂರಿನ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿತ್ತು. ಅದೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಇಂಥ ಅಧ್ಯಯನಗಳೆಲ್ಲ ಸೇರಿ ಕೊಟ್ಟ ಚಿತ್ರ ಇಷ್ಟು: ಕಪ್ಪೆಚರ್ಮಕ್ಕೆ ಒಂದೇ ಅನ್ನಾಂಗದ ಅಭಾವ ಕಾರಣವಲ್ಲ. ಅವಶ್ಯಕ ಕೊಬ್ಬಿನಾಮ್ಲ, ಬಿ ಗುಂಪಿನ ಅನ್ನಾಂಗಗಳು, ಎ ಅನ್ನಾಂಗ, ಒಟ್ಟಾರೆ ಊಟದ ಬಡತನ ಎಲ್ಲವೂ ಒಂದೊಂದು ಪಾಲು ಹೊಂದಿವೆ. ತಟ್ಟೆಗೆ ಎಣ್ಣೆ ಬಿದ್ದಾಗ ಚರ್ಮ ನುಣುಪಾಗುತ್ತದೆ.

ಎಲ್ಲ ಎಣ್ಣೆಯೂ ಈ ವಿಷಯದಲ್ಲಿ ಸಮನಲ್ಲ. ವಿಜಾಪುರ, ಧಾರವಾಡ, ಬೆಳಗಾವಿ ಕಡೆಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಶೇಕಡಾ 75ರಷ್ಟಿದೆ. ಎಳ್ಳೆಣ್ಣೆಯಲ್ಲಿ ಶೇಕಡಾ 40ಕ್ಕೆ ಮೇಲೆ, ಕಡಲೆಕಾಯಿ ಎಣ್ಣೆಯಲ್ಲಿ 30ರ ಆಸುಪಾಸು, ತೆಂಗಿನೆಣ್ಣೆಯಲ್ಲಿ ಬರೀ 2ರಷ್ಟು. ಎರೆಹೊಲದಲ್ಲಿ ಜೋಳದ ಸಾಲುಗಳ ನಡುವೆ ಅಕ್ಕಡಿಯಾಗಿ ಬೆಳೆಯುತ್ತಿದ್ದ ಕುಸುಬೆಯ ಬೆಲೆಯನ್ನು ರೊಟ್ಟಿ ಚಟ್ನಿಪುಡಿ ತಿನ್ನುವವರು ಮೊದಲೇ ಬಲ್ಲವರು, ಆದರೆ ಕಾರಣ ಬೇರೆ, ಅವರಿಗೆ ಅದು ರುಚಿ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಲಿನೋಲಿಕ್ ಆಮ್ಲ ಬಾಯಿಯ ಮೂಲಕವೇ ಹೋಗಬೇಕೆಂದಿಲ್ಲ. ಕೊಬ್ಬನ್ನು ಹೀರಿಕೊಳ್ಳಲಾಗದೆ ಈ ಆಮ್ಲದ ಕೊರತೆಗೆ ಒಳಗಾದ ರೋಗಿಗಳ ಮೈಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ರಕ್ತದಲ್ಲಿನ ಕೊರತೆಯೂ ಸರಿಹೋದದ್ದನ್ನು 1974ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಚರ್ಮವೂ ಒಂದಿಷ್ಟು ಉಣ್ಣುತ್ತದೆ ಎಂದಂತಾಯಿತು.

ಈ ಮಾತು ಕೇಳಿದೊಡನೆ ಎಣ್ಣೆಸ್ನಾನದ ನೆನಪಾಗುವುದು ಸಹಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಸ್ನಾನವನ್ನು ರಾಜನ ಉಪಭೋಗಗಳಲ್ಲಿ ಒಂದಾಗಿ ವರ್ಣಿಸಲಾಗಿದೆ. ಪರಿಮಳದ ತೈಲ ಹಚ್ಚಿಸಿಕೊಳ್ಳುವುದು, ಆಮೇಲೆ ಪುಡಿಗಳಿಂದ ಮೈ ಉಜ್ಜಿಸಿಕೊಳ್ಳುವುದು ಅದರ ಕ್ರಮ. ಆಯುರ್ವೇದದ ಗ್ರಂಥಗಳಲ್ಲಿ ಮೊದಲನೆಯದಕ್ಕೆ ಅಭ್ಯಂಗ, ಎರಡನೆಯದಕ್ಕೆ ಉದ್ವರ್ತನ ಎಂದು ಹೆಸರು. ದೊರೆಯ ಅರಮನೆಯಲ್ಲಿದ್ದದ್ದು ಸರಳ ರೂಪದಲ್ಲಿ ಜನಸಾಮಾನ್ಯರ ಬಚ್ಚಲಲ್ಲೂ ಇತ್ತು. ಹಳೇ ಮೈಸೂರಿನಲ್ಲಿ ಹರಳೆಣ್ಣೆ, ಕರಾವಳಿಯಲ್ಲಿ ತೆಂಗಿನೆಣ್ಣೆ, ಬಯಲುಸೀಮೆಯಲ್ಲಿ ಒಳ್ಳೆಣ್ಣೆ. ತೊಳೆಯಲು ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು, ಹೆಸರುಹಿಟ್ಟು. ಮಲೆನಾಡಿನಲ್ಲಿ ಮತ್ತಿಸೊಪ್ಪಿನ ಗಂಪು. ದೀಪಾವಳಿಯ ಮುನ್ನಾದಿನ ‘ನೀರು ತುಂಬುವ ಹಬ್ಬ’ಕ್ಕೆ ಹಂಡೆ ಬೆಳಗಿ, ಮರುದಿನ ನಸುಕಿನಲ್ಲಿ ಮನೆಯವರೆಲ್ಲರ ಮೈಗೂ ಎಣ್ಣೆ ಬೀಳುತ್ತಿತ್ತು.

ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಬೆನ್ನು ತಟ್ಟಿಕೊಳ್ಳುವ ಅಗತ್ಯ ಇಲ್ಲಿಲ್ಲ. ಹಂಡೆಯ ಕುದಿನೀರು, ಸೀಗೆಪುಡಿಯ ಬಿರುಸು ಒಣಚರ್ಮಕ್ಕೆ ಒಳ್ಳೆಯವಲ್ಲ. ವಾರಕ್ಕೊಮ್ಮೆಯ ಎಣ್ಣೆಯಿಂದ ವಂಶದ ತರಿ ಹೋಗುವುದೂ ಇಲ್ಲ. ಆದರೆ ಆ ಸ್ನಾನದ ಅನುಕ್ರಮದಲ್ಲಿ ವಿವೇಕವಿತ್ತು. ಮೊದಲು ಎಣ್ಣೆ, ಅದು ನೆನೆಯಲು ಒಂದಷ್ಟು ಹೊತ್ತು, ಬಳಿಕ ನುಣ್ಣನೆಯ ಹಿಟ್ಟು. ಕೈ ಜಾರುತ್ತಿತ್ತು, ಕೆರೆಯುತ್ತಿರಲಿಲ್ಲ. ಹಿಟ್ಟು ಎಣ್ಣೆಯ ಮಿಗತೆಯನ್ನಷ್ಟೇ ಒಯ್ದು ಉಳಿದದ್ದನ್ನು ಚರ್ಮಕ್ಕೆ ಬಿಡುತ್ತಿತ್ತು. ಸಾಬೂನು ಮನೆಮನೆಗೆ ಬಂದ ಮೇಲೆ ಹಿಟ್ಟು ಹೋಯಿತು, ಪುರಸೊತ್ತಿಲ್ಲದೆ ಎಣ್ಣೆ ಹೋಯಿತು, ಉಜ್ಜುವ ನಾರು ಮಾತ್ರ ಉಳಿಯಿತು. ನಾರಿನ ಜಾಗಕ್ಕೆ ಈಗ ಪ್ಲಾಸ್ಟಿಕ್ಕಿನ ಬಲೆ ಬಂದಿದೆ.

ಹಾಗಾದರೆ ಮನೆತನದ ತರಿಗೆ ಇಂದು ಏನು ಮಾಡಬೇಕು? ಮೊದಲು ನಾರು, ಬ್ರಷ್, ಕಲ್ಲುಗಳನ್ನು ಬಚ್ಚಲಿನಿಂದ ಹೊರಗಿಡಬೇಕು. ಸ್ನಾನದ ನೀರು ಉಗುರುಬೆಚ್ಚಗಿದ್ದರೆ ಸಾಕು, ಸ್ನಾನ ಹತ್ತು ನಿಮಿಷದೊಳಗೆ ಮುಗಿದರೆ ಲೇಸು. ಸೌಮ್ಯವಾದ ಸಾಬೂನು ಸಾಕು. ಮೈಯನ್ನು ಟವಲಿನಿಂದ ತಿಕ್ಕದೆ ಒತ್ತಿ ಒರೆಸಿ, ತೇವ ಪೂರ್ತಿ ಆರುವ ಮೊದಲೇ ಎಣ್ಣೆಯನ್ನೋ ತೇವ ಹಿಡಿದಿಡುವ ಕ್ರೀಮನ್ನೋ ಸವರಬೇಕು. ತೇವದ ಮೇಲೆ ಸವರಿದ ಎಣ್ಣೆ ನೀರನ್ನು ಒಳಗೇ ಕಟ್ಟಿಡುತ್ತದೆ. ಲಿನೋಲಿಕ್ ಆಮ್ಲ ಕಡಿಮೆಯಿದ್ದರೂ ತೆಂಗಿನೆಣ್ಣೆ ಈ ಕೆಲಸಕ್ಕೆ ಸಾಲುತ್ತದೆ.

ಇಷ್ಟಕ್ಕೂ ಬಗ್ಗದ ಬಿರಡೆಯನ್ನು ಸಡಿಲಿಸಲು ವೈದ್ಯರು ಮುಖ್ಯವಾಗಿ ಯೂರಿಯಾ, ಲ್ಯಾಕ್ಟಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲಗಳಿರುವ ಲೇಪಗಳನ್ನು ಬರೆದುಕೊಡುತ್ತಾರೆ. ಯೂರಿಯಾ ಎಂದೊಡನೆ ರೈತರು ನಕ್ಕಾರು. ಗದ್ದೆಗೆ ಚೆಲ್ಲುವ ಯೂರಿಯಾದ ರಾಸಾಯನಿಕವೇ ಇದು. ಜರ್ಮನಿಯ ವೋಲರ್ 1828ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿ ಹೆಸರಾದದ್ದೂ ಇದನ್ನೇ. ಆರೋಗ್ಯವಂತ ಚರ್ಮ ತೇವ ಹಿಡಿದಿಡಲು ಬಳಸುವ ವಸ್ತುಗಳಲ್ಲಿ ಅದೂ ಒಂದು. ನೂರಕ್ಕೆ 10ರಿಂದ 20 ಪಾಲು ಯೂರಿಯಾ ಇರುವ ಕ್ರೀಮು ಒಣಕೋಶಗಳ ಅಂಟನ್ನು ಬಿಡಿಸುತ್ತದೆ. ಹಾಗೆಂದು ಗೊಬ್ಬರದ ಚೀಲಕ್ಕೆ ಕೈಹಾಕಬಾರದು, ಅದು ಮೈಗೆ ಹಚ್ಚಲು ಶುದ್ಧಮಾಡಿದ ವಸ್ತುವಲ್ಲ. ಲ್ಯಾಕ್ಟಿಕ್ ಆಮ್ಲವನ್ನು 1780ರಲ್ಲಿ ಸ್ವೀಡನ್ನಿನ ಷೀಲೆ ಬೇರ್ಪಡಿಸಿದ್ದು ಹುಳಿತ ಹಾಲಿನಿಂದ. ಈ ಜಾತಿಯ ಹಣ್ಣು-ಹಾಲಿನ ಆಮ್ಲಗಳು ಹುರುಪೆಗಟ್ಟಿದ ಚರ್ಮವನ್ನು ಮೆದುಗೊಳಿಸುತ್ತವೆ ಎಂದು ವ್ಯಾನ್ ಸ್ಕಾಟ್ ಮತ್ತು ಯೂ ಎಂಬ ಅಮೆರಿಕದ ಸಂಶೋಧಕರು 1974ರಲ್ಲಿ ಬರೆದರು. ಹಾಗಾದರೆ ಮೊಸರು ಹಚ್ಚಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಮೊಸರಿನಲ್ಲಿ ಈ ಆಮ್ಲ ನೂರಕ್ಕೆ ಒಂದು ಪಾಲಿನ ಆಸುಪಾಸು, ಔಷಧದ ಲೇಪದಲ್ಲಿ ಅದರ ಹಲವು ಪಟ್ಟು. ಮೊಸರು ಹಚ್ಚಿದರೆ ನಷ್ಟವೇನಿಲ್ಲ, ಊಟಕ್ಕೆ ಹಾಕಿಕೊಂಡರೆ ಲಾಭ ಹೆಚ್ಚು.

ಈ ಲೇಪಗಳಲ್ಲೂ ಎಚ್ಚರ ಬೇಕು. ಕೆರೆದು ಗಾಯವಾದ ಜಾಗಕ್ಕೆ ಹಚ್ಚಿದರೆ ಉರಿಯುತ್ತದೆ. ಚಿಕ್ಕ ಮಕ್ಕಳ ಮೈತುಂಬ ಸ್ಯಾಲಿಸಿಲಿಕ್ ಆಮ್ಲ ಹಚ್ಚಿದರೆ ಅದು ರಕ್ತಕ್ಕೆ ಇಳಿಯುವ ಅಪಾಯವಿದೆ. ಎ ಅನ್ನಾಂಗದ ಬಂಧುಗಳಾದ ರೆಟಿನಾಯ್ಡ್ ಲೇಪಗಳನ್ನು ಗರ್ಭಿಣಿಯರು ಬಳಸಬಾರದು. ಎಲ್ಲಕ್ಕಿಂತ ದೊಡ್ಡ ಅಪಾಯ ಅಂಗಡಿಯಲ್ಲಿ ಕೇಳಿ ತರುವ ‘ಬೆಳ್ಳಗಾಗುವ’ ಕ್ರೀಮುಗಳು. ಅವುಗಳಲ್ಲಿ ಎಷ್ಟೋ ಸ್ಟೆರಾಯ್ಡ್ ಬೆರೆತಂಥವು. ಮೊದಲ ವಾರ ಚರ್ಮ ನುಣುಪಾದಂತೆ ಕಂಡು, ತಿಂಗಳುಗಳಲ್ಲಿ ತೆಳುವಾಗಿ, ನರಗಳು ಕಾಣುವಂತಾಗಿ, ಕೂದಲು ಮೊಡವೆಗಳೆದ್ದು ಪಶ್ಚಾತ್ತಾಪ ಶುರುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಎಂಬುದು ಕೇಳುಗರಿಗೇ ಗೊತ್ತು.

ಕ್ರೀಮಿನ ಫಲ ಕಾಣಲು ತಿಂಗಳೊಪ್ಪತ್ತಾದರೂ ಬೇಕು, ಚರ್ಮ ಹೊಸದಾಗುವ ಕಾಲವೇ ಅಷ್ಟು. ಬಿಟ್ಟರೆ ತರಿ ಮರಳುತ್ತದೆ. ಹಲ್ಲುಜ್ಜುವ ಹಾಗೆ ಅದನ್ನೊಂದು ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲವೇ ಇದ್ದರೆ ಇರಲಿ ಎಂದು ಅರ್ಧತೋಳಿನ ಅಂಗಿ ತೊಡಬೇಕು. ಎರಡನೆಯದಕ್ಕೂ ವೈದ್ಯಶಾಸ್ತ್ರದ ಪೂರ್ಣ ಒಪ್ಪಿಗೆಯಿದೆ. ತುರಿಕೆ ರಾತ್ರಿ ಹೆಚ್ಚಾಗಿ ಬೆರಳುಸಂದಿಯಲ್ಲೂ ಗುಳ್ಳೆಯೆದ್ದರೆ ಅದು ತರಿಯಲ್ಲ, ಕಜ್ಜಿ. ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಕಪ್ಪೆಚರ್ಮಕ್ಕೆ ಮಾತ್ರ ಈ ‘ಇದ್ದರೆ ಇರಲಿ’ ಸಲ್ಲದು. ಎರಡನ್ನೂ ಬೇರ್ಪಡಿಸಲು ಜಾಗ ನೋಡುವುದು ಮೊದಲ ಹೆಜ್ಜೆ. ಮನೆತನದ ತರಿ ಸಾಮಾನ್ಯವಾಗಿ ತೋಳು ತೊಡೆಗಳಲ್ಲಿ, ರವೆಯಷ್ಟು ಸಣ್ಣದು. ಕಪ್ಪೆಚರ್ಮ ಹೆಚ್ಚಾಗಿ ಶುರುವಾಗುವುದು ಮೊಣಕೈ ಮತ್ತು ಮಂಡಿಗಳ ಮೇಲೆ. ಗಂಟು ದೊಡ್ಡದು, ಗೋಪುರದಂತೆ ಚೂಪು, ನಡುವೆ ಗಟ್ಟಿ ಕೊಂಬಿನಂಥ ಮೊಳೆ. ಕಾಣುವುದು ಹೆಚ್ಚಾಗಿ ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ. ಸುತ್ತಲ ಚರ್ಮವೂ ಒಣಗಿರುತ್ತದೆ. ಮುಸ್ಸಂಜೆಯಲ್ಲಿ ಮಗು ಎಡವುತ್ತದೆಯೆ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಬೂದುಬಿಳುಪಿನ ಮಚ್ಚೆಯಿದೆಯೆ, ಬಾಯಿಯ ಮೂಲೆ ಒಡೆದಿದೆಯೆ ಎಂದು ಕೂಡಲೇ ನೋಡಬೇಕು. ಹೊಟ್ಟೆತುಂಬ ಉಣ್ಣುವವರಿಗೂ ಇದು ಬರುವುದುಂಟು: ಕರುಳು ಕೊಬ್ಬನ್ನು ಹೀರಿಕೊಳ್ಳದ ಕಾಯಿಲೆಗಳಲ್ಲಿ, ಈಚಿನ ವರ್ಷಗಳಲ್ಲಿ ತೂಕ ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ. ಆದರೆ ಮಗುವಿನ ಮೊಣಕೈಯಲ್ಲಿ ಕಂಡರೆ ಮೊದಲ ಪ್ರಶ್ನೆ ಊಟದ್ದೇ.

ಔಷಧಿ ಕಷ್ಟದ್ದಲ್ಲ. ಅನ್ನಾಂಗಗಳು, ಎಣ್ಣೆ, ಮೊಟ್ಟೆ, ಹಾಲು, ಕಾಳು, ಸೊಪ್ಪು. ನುಗ್ಗೆಸೊಪ್ಪು, ದಂಟಿನಸೊಪ್ಪು, ಪಪ್ಪಾಯಿ, ಮಾವು, ಗಜ್ಜರಿಗಳಲ್ಲಿ ಎ ಅನ್ನಾಂಗವಾಗಿ ಮಾರ್ಪಡುವ ಕೆರೋಟಿನ್ ಇದೆ. ಅದು ಮೈಗೆ ಹತ್ತಬೇಕಾದರೆ ಜತೆಯಲ್ಲಿ ಕೊಬ್ಬು ಬೇಕು. ನುಗ್ಗೆಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಬೀಳದಿದ್ದರೆ ಸೊಪ್ಪಿನ ಗುಣದ ಬಹುಪಾಲು ಹಾಗೇ ಹೊರಟುಹೋಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಎ ಅನ್ನಾಂಗದ ದ್ರವ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಒಂಬತ್ತನೆಯ ತಿಂಗಳಲ್ಲಿ ಒಂದು ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ ಅದರ ಕ್ರಮ. ಇದನ್ನು ಆರೋಗ್ಯ ಕಾರ್ಯಕರ್ತೆಯಿಂದಲೇ ಕುಡಿಸಬೇಕು. ಒಳ್ಳೆಯದೆಂದು ಮನೆಯಲ್ಲಿ ಇನ್ನಷ್ಟು ಕೊಟ್ಟರೆ ಅದೇ ಅನ್ನಾಂಗ ಚರ್ಮವನ್ನು ಒಣಗಿಸುತ್ತದೆ, ಯಕೃತ್ತಿಗೂ ಕೆಡುಕು.

ಕರ್ನಾಟಕದಲ್ಲಿ ಶಾಲೆಯ ಬಿಸಿಯೂಟ ಆರಂಭವಾದದ್ದು 2002ರಲ್ಲಿ, ಈಶಾನ್ಯದ ಏಳು ಜಿಲ್ಲೆಗಳಿಂದ. ಹಾಲು ಬಂದದ್ದು 2013ರಲ್ಲಿ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಮಕ್ಕಳ ತಟ್ಟೆಗೆ ಮೊಟ್ಟೆ ಬಂದದ್ದು 2021ರ ಡಿಸೆಂಬರಿನಲ್ಲಿ, ಅದೂ ಸಾಕಷ್ಟು ವಾಗ್ವಾದದ ನಡುವೆ. ಮೊಟ್ಟೆ ಬೇಕೇ ಬೇಡವೇ ಎಂದು ವಾದಿಸಿದವರಲ್ಲಿ ಮಕ್ಕಳ ಮೊಣಕೈ ನೋಡಿದವರು ಕಡಿಮೆ.

ಅದನ್ನು ನೋಡಬಲ್ಲವರು ತರಗತಿಯ ಶಿಕ್ಷಕರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು, ಅಂಗನವಾಡಿ ಕಾರ್ಯಕರ್ತೆಯರು. ಉಗುರು ಕತ್ತರಿಸಿದೆಯೇ, ತಲೆ ಬಾಚಿದೆಯೇ ಎಂದು ಸೋಮವಾರದ ಪ್ರಾರ್ಥನೆಯ ಸಾಲಿನಲ್ಲಿ ನೋಡುವ ಪದ್ಧತಿ ಇನ್ನೂ ಅನೇಕ ಕಡೆ ಇದೆ. ಆಗಲೇ ತೋಳು ಮಡಿಸಲು ಹೇಳಬಹುದು. ಒರಟು ಮೊಣಕೈಯ ಹುಡುಗನನ್ನು ‘ನಾಳೆ ಮೈ ಉಜ್ಜಿಕೊಂಡು ಬಾ’ ಎಂದು ಗದರಿಸಿ ಸಾಲಿನಿಂದ ಹೊರಗೆ ನಿಲ್ಲಿಸುವ ಬದಲು, ನಿನ್ನೆ ರಾತ್ರಿ ಮನೆಯಲ್ಲಿ ಏನು ಊಟ ಮಾಡಿದೆ ಎಂದು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಡಬಹುದು.